ಹಳೆ ಸ್ಪೋರ್ಟ್ಸ್ ಕಾರಿನ ಬ್ರೇಕು: ಇದ್ದದ್ದನ್ನೇ ಕಟ್ಟಿಸಬೇಕೋ, ಡಿಸ್ಕ್ ಹಾಕಿಸಬೇಕೋ?

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಹಳೆ ಎಂಜಿ, ಟ್ರಯಂಫ್, ಸ್ಟ್ಯಾಂಡರ್ಡ್ ಹೆರಾಲ್ಡ್, ಫಿಯಟ್ ಇಟ್ಟುಕೊಂಡವರು ಎಲ್ಲಿ ಸಿಕ್ಕರೂ ಮಾತು ಕೊನೆಗೆ ಬ್ರೇಕಿಗೇ ಬಂದು ನಿಲ್ಲುತ್ತದೆ. ಮಾತಿನಲ್ಲೂ ಪತ್ರಗಳಲ್ಲೂ ಪದೇ ಪದೇ ಬರುವ ಪ್ರಶ್ನೆಗಳಿವು. ಕೇಳಿದವರ ಧಾಟಿಯಲ್ಲೇ ಇಟ್ಟಿದ್ದೇವೆ.

## ಮೊದಲ ಪ್ರಶ್ನೆಗಳು

ಬ್ರೇಕ್ ಸರಿಯಾಗಿ ಹಿಡಿಯಲ್ಲ ಸರ್. ಈ ಡ್ರಮ್ ಸಹವಾಸ ಸಾಕು, ಡಿಸ್ಕ್ ಹಾಕಿಸಿಬಿಡ್ಲಾ?

ಸ್ವಲ್ಪ ತಡೆಯಿರಿ. ಗಾಲಿಯ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಕಮಾನಿನಂಥ ಶೂಗಳು ಒತ್ತಿ ಹಿಡಿಯುವುದು ಡ್ರಮ್ ಬ್ರೇಕು. ತಿರುಗುವ ತಟ್ಟೆಯನ್ನು ಕ್ಯಾಲಿಪರಿನ ಪ್ಯಾಡುಗಳು ಎರಡೂ ಬದಿಯಿಂದ ಅದುಮುವುದು ಡಿಸ್ಕ್. ಸರಿಯಿರುವ ಡ್ರಮ್ ಬ್ರೇಕ್ 50 ಕಿ.ಮೀ. ವೇಗದಲ್ಲಿ ನಾಲ್ಕೂ ಗಾಲಿಯನ್ನು ತಿರುಗದಂತೆ ಕಟ್ಟಿ ನಿಲ್ಲಿಸುವಷ್ಟು ಗಟ್ಟಿ ಇರುತ್ತದೆ. ಗಾಲಿ ಕಟ್ಟಿದ ಮೇಲೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದು ಟೈರಿಗೂ ರಸ್ತೆಗೂ ಬಿಟ್ಟ ವಿಚಾರ. ಅಲ್ಲಿ ಡಿಸ್ಕ್ ಏನೂ ಹೆಚ್ಚು ಮಾಡಲಾರದು. ನಿಮ್ಮ ಕಾರು ಅಷ್ಟು ಹಿಡಿಯುತ್ತಿಲ್ಲ ಅಂದರೆ ಡ್ರಮ್ಮಿನ ವಿನ್ಯಾಸದಲ್ಲಿ ದೋಷ ಹುಡುಕಬೇಡಿ. ಸವೆದ, ತುಕ್ಕು ಹಿಡಿದ, ಎಣ್ಣೆ ಕುಡಿದ ಭಾಗ ಒಳಗೆಲ್ಲೋ ಇದೆ. ಡಿಸ್ಕ್ ಹಾಕಿಸಿ, ಪೆಡಲ್ ಒತ್ತಿದಾಗ ಗಾಲಿಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಪೈಪು, ಹೋಸ್ ಹಳೆಯದನ್ನೇ ಬಿಟ್ಟರೆ ಆ ರೋಗವೂ ಅಲ್ಲೇ ಉಳಿಯುತ್ತದೆ.

ಮೊದಲು ಇದ್ದದ್ದನ್ನು ಪೂರ್ತಿ ಕಟ್ಟಿಸಿ, ಸಾವಿರ ಕಿ.ಮೀ. ಓಡಿಸಿ. ಆಮೇಲೂ ಸಾಲದು ಅನಿಸಿದರೆ ಡಿಸ್ಕ್ ಮಾತು.

ಪೂರ್ತಿ ಕಟ್ಟಿಸೋದು ಅಂದ್ರೆ ಏನೇನು? ಶೂ ಬದಲಿಸಿದ್ರೆ ಸಾಕಾಗಲ್ವಾ?

ಸಾಕಾಗಲ್ಲ. ಮಾಸ್ಟರ್ ಸಿಲಿಂಡರ್, ಗಾಲಿಯಲ್ಲಿ ಶೂ ತಳ್ಳುವ ಎಲ್ಲ ವೀಲ್ ಸಿಲಿಂಡರ್, ರಬ್ಬರ್ ಹೋಸ್, ತುಕ್ಕು ಹಿಡಿದ ಕಬ್ಬಿಣದ ಪೈಪು, ಶೂ ಲೈನಿಂಗ್ (ಡ್ರಮ್ಮಿಗೆ ಉಜ್ಜುವ ಪದರ), ಶೂ ಹಿಂದಕ್ಕೆ ಎಳೆಯುವ ಸ್ಪ್ರಿಂಗು, ಹ್ಯಾಂಡ್ ಬ್ರೇಕ್ ಕೇಬಲ್, ಹೊಸ ಆಯಿಲ್: ಇಷ್ಟೂ ಒಟ್ಟಿಗೆ ಆಗಬೇಕು. ವೀಲ್ ಸಿಲಿಂಡರ್ ನಾಲ್ಕೇ ಅಂದುಕೊಂಡು ರಬ್ಬರ್ ಕಿಟ್ ತರಬೇಡಿ. ಮುಂದಿನ ಗಾಲಿಯಲ್ಲಿ ಟೂ ಲೀಡಿಂಗ್ ಶೂ (ಮುಂದಕ್ಕೆ ಹೋಗುವಾಗ ಎರಡೂ ಶೂ ತಾವೇ ಕಚ್ಚಿಕೊಳ್ಳುವ ಜೋಡಣೆ) ಇದ್ದರೆ ಒಂದೊಂದಕ್ಕೆ ಎರಡು, ಒಟ್ಟು ಆರು. ಹೋಸ್ ಸಾಮಾನ್ಯವಾಗಿ ಮೂರು: ಮುಂದೆ ಎರಡು, ಹಿಂದಿನ ಆಕ್ಸಲ್ಲಿಗೆ ಒಂದು. ಹಿಂದೆ ಗಾಲಿಗೊಂದು ಪ್ರತ್ಯೇಕ ಸಸ್ಪೆನ್ಷನ್ ಇರುವ ಕಾರಿನಲ್ಲಿ ನಾಲ್ಕು.

ಪೆಡಲ್ ಒತ್ತಿದಾಗ ಆಗೋದನ್ನ ನೋಡಿ ತೊಂದರೆ ಎಲ್ಲಿದೆ ಅಂತ ಹೇಳಬಹುದಾ?

ಬಹುಮಟ್ಟಿಗೆ ಹೇಳಬಹುದು. ಬಿಚ್ಚುವ ಮುಂಚೆ ಐದು ನಿಮಿಷ ಪೆಡಲ್ ಮೇಲೆ ಕಾಲಿಟ್ಟು ಗಮನಿಸಿ.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಏರ್ ಇದೆ, ಇಲ್ಲವೇ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ. ಮೊದಲ ಒತ್ತಿಗೆ ಕೆಳಗೆ ಹೋಗಿ, ಎರಡನೇ ಒತ್ತಿಗೆ ಮೇಲೆ ಗಟ್ಟಿಯಾಗಿ ಸಿಕ್ಕರೆ ಶೂ ಡ್ರಮ್ಮಿನಿಂದ ದೂರ ಕೂತಿದೆ, ಅಡ್ಜಸ್ಟ್ ಮಾಡಬೇಕು. ಗಟ್ಟಿಯಾಗಿ ಸಿಕ್ಕ ಪೆಡಲ್ ಒತ್ತಿ ಹಿಡಿದಂತೆ ನಿಧಾನವಾಗಿ ನೆಲಕ್ಕೆ ಇಳಿದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ (ರಬ್ಬರ್ ಸೀಲು) ಒಳಗೊಳಗೇ ಆಯಿಲ್ ಬಿಡುತ್ತಿದೆ. ಪೆಡಲ್ ಕಲ್ಲಿನಂತಿದ್ದೂ ಕಾರು ನಿಲ್ಲದಿದ್ದರೆ ಲೈನಿಂಗ್ ಮೇಲೆ ಗ್ರೀಸು ಅಥವಾ ಬ್ರೇಕ್ ಆಯಿಲ್ ಬಿದ್ದಿದೆ, ಇಲ್ಲವೇ ಪಿಸ್ಟನ್ ಜಾಮ್ ಆಗಿದೆ. ಒಂದು ಕಡೆ ಎಳೆಯುತ್ತಿದ್ದರೆ ಹಿಡಿಯದೇ ಇರುವ ಗಾಲಿ ಎದುರಿನ ಬದಿಯದು. ಎಡಕ್ಕೆ ಎಳೆದರೆ ಬಲಗಡೆಯನ್ನು ಮೊದಲು ಬಿಚ್ಚಿ.

ಎಲ್ಲ ಹೊಸದು ಹಾಕಿದ ಮೇಲೂ ಹಿಡಿತ ಅರ್ಧಕ್ಕರ್ಧ ಕಡಿಮೆ ಅನಿಸಿದರೆ ಶೂ ಕೂರುವ ಮುಂದಿನ ಬ್ಯಾಕ್ ಪ್ಲೇಟ್ ಎಡ ಬಲ ಅದಲುಬದಲಾಗಿದೆಯಾ ನೋಡಿ. ಟೂ ಲೀಡಿಂಗ್ ಶೂ ಮುಂದಕ್ಕೆ ಹೋಗುವಾಗ ಮಾತ್ರ ತಾನೇ ಡ್ರಮ್ಮಿನೊಳಗೆ ಕಚ್ಚಿಕೊಳ್ಳುತ್ತದೆ. ತಿರುಗಾಮುರುಗಾ ಕೂತರೆ ರಿವರ್ಸಿನಲ್ಲಿ ಭರ್ಜರಿಯಾಗಿ ಹಿಡಿದು ಮುಂದಕ್ಕೆ ಹೋಗುವಾಗ ಕೈಕೊಡುತ್ತದೆ.

ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಬ್ರೇಕ್ ತಾನಾಗೇ ಹಿಡ್ಕೊಳ್ಳುತ್ತೆ. ಅರ್ಧ ಗಂಟೆ ನಿಲ್ಸಿದ್ರೆ ಬಿಡುತ್ತೆ. ಏನಿದು?

ಬಿಸಿಯಾಗಿ ಹಿಗ್ಗಿದ ಆಯಿಲ್‌ಗೆ ವಾಪಸ್ ಟ್ಯಾಂಕಿಗೆ ಹೋಗಲು ದಾರಿ ಸಿಗುತ್ತಿಲ್ಲ. ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿ ಮೊನೆಯಷ್ಟೇ ದಪ್ಪದ ಒಂದು ತೂತು ಇದೆ. ಪೆಡಲ್ ಬಿಟ್ಟಾಗ ಕಪ್ ಆ ತೂತಿನ ಹಿಂದಕ್ಕೆ ಸರಿದಿರಬೇಕು. ಪೆಡಲಿನಿಂದ ಮಾಸ್ಟರನ್ನು ತಳ್ಳುವ ಪುಶ್ ರಾಡ್ ಬಿಗಿಯಾಗಿ ಕೂತಿದ್ದರೆ ಕಪ್ ತೂತನ್ನು ಮುಚ್ಚಿಕೊಂಡೇ ಇರುತ್ತದೆ. ಪುಶ್ ರಾಡ್ ತುದಿಯಲ್ಲಿ ಸುಮಾರು 1 ಮಿ.ಮೀ. ಸಡಿಲ ಬೇಕು. ಪೆಡಲ್ ಹತ್ತಿರ ಬೆರಳಲ್ಲಿ ಅಲುಗಿಸಿದರೆ ಅದು 5 ಮಿ.ಮೀ. ಆಸುಪಾಸು ಆಟವಾಗಿ ತಿಳಿಯುತ್ತದೆ.

ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕಲು, ಬ್ರೇಕ್ ಹಿಡಿದಿರುವಾಗಲೇ ಸಮತಟ್ಟು ಜಾಗದಲ್ಲಿ ಜಾಕ್ ಕೊಟ್ಟು, ಉಳಿದ ಗಾಲಿಗೆ ಕಲ್ಲು ಕೊಟ್ಟು, ಮೊದಲು ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಗಾಲಿ ಬಿಟ್ಟರೆ ದೋಷ ಮಾಸ್ಟರಿನದು ಅಥವಾ ಪುಶ್ ರಾಡಿನದು. ಅಲ್ಲಿ ಬಿಡದೆ ಗಾಲಿಯ ಬ್ಲೀಡರ್ ನಿಪ್ಪಲ್ (ಏರ್ ತೆಗೆಯುವ ಸ್ಕ್ರೂ) ಸಡಿಲಿಸಿದಾಗ ಬಿಟ್ಟರೆ ಹೋಸ್ ಒಳಗೆ ಊದಿಕೊಂಡಿದೆ. ಹೊರಗೆ ಹೊಸದರ ಹಾಗೆ ಕಾಣುವ ಹೋಸಿನ ಒಳಪದರ ಬಿಟ್ಟುಕೊಂಡು ಒನ್‌ವೇ ವಾಲ್ವಿನ ಹಾಗೆ ಕೆಲಸ ಮಾಡುತ್ತಿರುತ್ತದೆ. ನಿಪ್ಪಲ್ ಸಡಿಲಿಸಿದರೂ ಬಿಡದಿದ್ದರೆ ಆಯಿಲಿನ ಮಾತೇ ಅಲ್ಲ. ಪಿಸ್ಟನ್, ಸ್ಪ್ರಿಂಗು, ಹ್ಯಾಂಡ್ ಬ್ರೇಕ್ ಕೇಬಲ್ ನೋಡಿ.

ಹತ್ತು ವರ್ಷದಿಂದ ಗೋಡೌನಲ್ಲಿ ನಿಂತಿದೆ. ಆಯಿಲ್ ತುಂಬಿ ಪಂಪ್ ಹೊಡೆದ್ರೆ ಸರಿಹೋಗುತ್ತಾ?

ಪಂಪ್ ಮಾತ್ರ ಹೊಡೆಯಬೇಡಿ. ಇಷ್ಟು ವರ್ಷ ಕಪ್ ಓಡಾಡದ ಜಾಗದಲ್ಲಿ ತುಕ್ಕು ಕೂತಿರುತ್ತದೆ. ಪೆಡಲ್ ನೆಲದವರೆಗೆ ತುಳಿದರೆ ರಬ್ಬರ್ ತುಟಿ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಎಲ್ಲ ಬಿಚ್ಚಿ, ಪೈಪುಗಳಿಗೆ ಡಿನೇಚರ್ಡ್ ಸ್ಪಿರಿಟ್ ಹಾಯಿಸಿ ಜೇನಿನಂತೆ ಗಟ್ಟಿಯಾದ ಹಳೆ ಆಯಿಲ್ ತೆಗೆದು, ಹೋಸುಗಳನ್ನು ನೋಡದೆಯೇ ಎಸೆಯಿರಿ.

## ಕಟ್ಟಿಸುವ ಕೆಲಸ

ಹೊಸ ಕಿಟ್ ಹಾಕಿ ಎರಡು ತಿಂಗಳಾಗಿಲ್ಲ, ಮತ್ತೆ ಸೋರ್ತಿದೆ. ಕಿಟ್ ಡೂಪ್ಲಿಕೇಟಾ?

ಕಿಟ್ ಡೂಪ್ಲಿಕೇಟ್ ಇದ್ದರೂ ಇರಬಹುದು. ಆದರೆ ಹೆಚ್ಚಿನ ಸಲ ತಪ್ಪು ಸಿಲಿಂಡರಿನ ಒಳಗೋಡೆಯದು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಆ ನೀರು ಸಿಲಿಂಡರಿನ ತಳಭಾಗದಲ್ಲಿ, ಕಪ್ ಸುಮ್ಮನೆ ಕೂರುವ ಜಾಗದಲ್ಲಿ ಕಬ್ಬಿಣವನ್ನು ತಿನ್ನುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿ: ಹೊಳೆಯುವ ಗೋಡೆಯ ಕೆಳಬದಿಯಲ್ಲಿ ಬೂದು ಬಣ್ಣದ ಒಂದು ಉಂಗುರ, ಅದರೊಳಗೆ ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು. ಉಗುರು ಎಳೆದಾಗ ಚುಕ್ಕೆಗೆ ತಗುಲಿ ನಿಂತರೆ ಆ ಸಿಲಿಂಡರ್ ಹೋನಿಂಗಿಗೆ (ಒಳಗೋಡೆ ಉಜ್ಜಿ ನುಣುಪು ಮಾಡುವುದಕ್ಕೆ) ಬಗ್ಗುವುದಿಲ್ಲ. ಹೋನ್ ಮಾಡಿ ಮಾಡಿ ಬೋರ್ ದೊಡ್ಡದಾದರೆ ಕಪ್ ಸಡಿಲವಾಗಿ ಮತ್ತೆ ಸೋರುತ್ತದೆ.

ಆಗ ಉಳಿಯುವ ದಾರಿ ಎರಡು: ಹೊಸ ಸಿಲಿಂಡರ್, ಸಿಗದಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಸ್ಲೀವ್, ಅಂದರೆ ಒಳಗೆ ಕೂರಿಸುವ ಕೊಳವೆ. ಇದಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಹರಿಹರ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು. ಕೈ ಪಳಗಿದ ಟರ್ನರ್ ಸಿಕ್ಕರೆ ಕೆಲಸ ಆಗುತ್ತದೆ. ಟರ್ನರಿಗೆ ಮೂರು ಮಾತು ಸ್ಪಷ್ಟವಾಗಿ ಹೇಳಿ. ಒಂದು, ಒಳ ವ್ಯಾಸ ಮೂಲದಷ್ಟೇ ಬರಬೇಕು, ಕನ್ನಡಿಯಂತೆ ನುಣುಪಾಗಿರಬೇಕು. ಎರಡು, ಸ್ಲೀವ್ ಬಿಗಿಯಾಗಿ ಕೂರಬೇಕು, ಹೊರಮೈಯಲ್ಲಿ ಆಯಿಲ್ ನುಸುಳಬಾರದು. ಮೂರನೆಯದನ್ನು ಟರ್ನರುಗಳು ಮರೆಯುತ್ತಾರೆ: ಮಾಸ್ಟರಿನ ಆ ಸೂಜಿ ತೂತನ್ನು ಸ್ಲೀವಿನಲ್ಲೂ ಅದೇ ಜಾಗಕ್ಕೆ ಕೊರೆದು ಒಳಗಿನ ಅಂಚಿನ ಮುಳ್ಳು ತೆಗೆಯಬೇಕು. ಮುಳ್ಳು ಉಳಿದರೆ ಪ್ರತಿ ಒತ್ತಿಗೂ ಕಪ್ಪಿನ ತುಟಿಯನ್ನು ಕೆರೆಯುತ್ತದೆ.

ಕಪ್ ಕೂರಿಸುವಾಗ ಹೊಸ ಬ್ರೇಕ್ ಆಯಿಲ್ ಅಥವಾ ಬ್ರೇಕಿಗೆಂದೇ ಬರುವ ಕೆಂಪು ರಬ್ಬರ್ ಗ್ರೀಸ್ ಮಾತ್ರ ಹಚ್ಚಿ. ಪೆಟ್ರೋಲು, ಸೀಮೆಎಣ್ಣೆ, ಎಂಜಿನ್ ಆಯಿಲ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ.

ಡ್ರಮ್ಮನ್ನ ಎಷ್ಟು ಸಲ ಟರ್ನಿಂಗ್ ಮಾಡಿಸಬಹುದು?

ಎಷ್ಟು ಸಲ ಅನ್ನುವುದು ಲೆಕ್ಕವಲ್ಲ, ಎಷ್ಟು ತೆಗೆದಿದ್ದಾರೆ ಅನ್ನುವುದು ಲೆಕ್ಕ. ಸಾಮಾನ್ಯವಾಗಿ ಮೂಲ ವ್ಯಾಸಕ್ಕಿಂತ 1.5 ಮಿ.ಮೀ. ಹೆಚ್ಚಾದರೆ ಡ್ರಮ್ ಮುಗಿಯಿತು. ಒಂದೇ ಆಕ್ಸಲ್ಲಿನ ಎರಡೂ ಡ್ರಮ್ ಒಂದೇ ಅಳತೆಗೆ ಬರಬೇಕು. ದೊಡ್ಡದಾದ ಡ್ರಮ್ಮಿಗೆ ಮೂಲ ಅಳತೆಯ ಶೂ ಹಾಕಿದರೆ ನಡುವಿನ ಒಂದು ಪಟ್ಟಿಯಷ್ಟೇ ತಾಗುತ್ತದೆ. ಲೈನಿಂಗಿಗೆ ಸೀಮೆಸುಣ್ಣ ಬಳಿದು ಡ್ರಮ್ಮಿನೊಳಗೆ ಕೈಯಿಂದ ತಿರುಗಿಸಿ ನೋಡಿ, ಸುಣ್ಣ ಅಳಿಸಿದಷ್ಟೇ ನಿಮ್ಮ ಬ್ರೇಕು. ಶೂವನ್ನು ಡ್ರಮ್ಮಿನ ಕಮಾನಿಗೆ ಸರಿಯಾಗಿ ಗ್ರೈಂಡ್ ಮಾಡಿಸಿ.

ಲೈನಿಂಗ್ ರಿವೆಟ್ ಒಳ್ಳೇದೋ, ಅಂಟಿಸೋದು ಒಳ್ಳೇದೋ?

ಊರಿನಲ್ಲಿ ಕೈಯಲ್ಲಿ ಮಾಡಿಸುವುದಾದರೆ ರಿವೆಟ್. ಅಂಟಿಸುವುದಕ್ಕೆ ಒತ್ತಡವೂ ಓವನ್ ಶಾಖವೂ ಬೇಕು, ಟ್ಯೂಬಿನ ಗಮ್ಮಿನಲ್ಲಿ ಆಗುವ ಕೆಲಸವಲ್ಲ. ರಿವೆಟ್ ನಡುವಿನಿಂದ ಶುರುಮಾಡಿ ತುದಿಗಳ ಕಡೆ ಹೋಗಬೇಕು, ಇಲ್ಲವಾದರೆ ಲೈನಿಂಗ್ ನಡುವೆ ಉಬ್ಬಿ ನಿಲ್ಲುತ್ತದೆ. ಹಳೆ ಲೈನಿಂಗಿನಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು. ಡ್ರಮ್ ಬಿಚ್ಚಿ ಏರ್ ಹೊಡೆಯುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ, ದಯವಿಟ್ಟು ಬಿಡಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಕವರಿಗೆ ಕಟ್ಟಿ ಎಸೆಯಿರಿ.

ಡಾಟ್ 3, ಡಾಟ್ 4, ಡಾಟ್ 5: ಯಾವುದು ಹಾಕ್ಲಿ?

ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಹೊಸ ಕಿಟ್ ಹಾಕಿದ್ದರೆ ಡಾಟ್ 4. ಹೊಸದಾಗಿದ್ದಾಗ ಡಾಟ್ 3 ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಅದು 140 ಮತ್ತು 155ಕ್ಕೆ ಇಳಿಯುತ್ತದೆ. ಹಾಗಾಗಿ ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ತುಂಬಲು ಅರ್ಧ ಲೀಟರ್, ತೊಳೆದು ತುಂಬಲು ಒಂದು ಲೀಟರ್ ಸಾಕು. ಹಿಂದಿನ ಸಲ ತೆರೆದು ಶೆಲ್ಫಿನಲ್ಲಿಟ್ಟ ಬಾಟಲಿ ಬೇಡ.

ಡಾಟ್ 5 ಸಿಲಿಕೋನ್. ಪೇಂಟ್ ತಿನ್ನುವುದಿಲ್ಲ, ನೀರು ಎಳೆಯುವುದಿಲ್ಲ, ನಿಂತೇ ಇರುವ ಕಾರಿಗೆ ಅನುಕೂಲ. ಆದರೆ ಉಳಿದವುಗಳ ಜೊತೆ ಬೆರೆಯುವುದಿಲ್ಲ. ಹಾಕುವುದಾದರೆ ಎಲ್ಲ ರಬ್ಬರ್ ಹೊಸದು, ಪೈಪು ಪೂರ್ತಿ ಒಣಗಿರಬೇಕು. ಡಾಟ್ 5.1 ಬೇರೆ ಜಾತಿ, ಅದು ಡಾಟ್ 4ರ ಬಳಗ. ಹೆಸರು ನೋಡಿ ಮೋಸ ಹೋಗುವವರು ಬಹಳ.

ಏರ್ ಎಷ್ಟು ತೆಗೆದ್ರೂ ಪೆಡಲ್ ಮೇಲೆ ಬರ್ತಿಲ್ಲ.

ಏರ್ ತೆಗೆಯುವ ಮೊದಲೇ ಶೂಗಳನ್ನು ಗಾಲಿ ಕಟ್ಟುವವರೆಗೆ ಬಿಗಿಮಾಡಿ, ಕೆಲಸ ಮುಗಿದ ಮೇಲೆ ಗಾಲಿ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಅರ್ಧ ತಾಪತ್ರಯ ಅಲ್ಲೇ ಕಳೆಯುತ್ತದೆ. ಬಲಗಡೆ ಸ್ಟೀರಿಂಗ್ ಕಾರಿಗೆ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್ಲಿನ ಪೈಪು ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಪೆಡಲ್ ನಿಧಾನ ಒತ್ತಿ, ನಿಪ್ಪಲ್ ಮುಚ್ಚಿದ ಮೇಲೆಯೇ ಬಿಡಿ. ಪಟಪಟ ತುಳಿದರೆ ದೊಡ್ಡ ಗುಳ್ಳೆ ಸಣ್ಣ ಸಣ್ಣ ಗುಳ್ಳೆಯಾಗಿ ಒಡೆದು ಹೊರಗೇ ಬರುವುದಿಲ್ಲ. ಡಿಸ್ಕ್ ಕಾರಾದರೆ ನಿಪ್ಪಲ್ ಕ್ಯಾಲಿಪರಿನ ಮೇಲ್ಭಾಗದಲ್ಲಿದೆಯಾ ನೋಡಿ. ಕೆಳಗಿದ್ದರೆ ಎಡ ಬಲ ಅದಲಾಗಿದೆ, ಸಂಜೆಯವರೆಗೆ ತುಳಿದರೂ ಏರ್ ಬರಲ್ಲ.

## ಡಿಸ್ಕ್, ಬೂಸ್ಟರ್, ಎರಡು ಸರ್ಕ್ಯೂಟ್

ಹಾಗಾದ್ರೆ ಡಿಸ್ಕ್ ನಿಜವಾಗ್ಲೂ ಯಾರಿಗೆ ಬೇಕು?

ಬ್ರೇಕ್ ಬಿಸಿಯಾಗುವಂತೆ ಓಡಿಸುವವರಿಗೆ. ಆಳು ಸೇರಿ 1000 ಕೆ.ಜಿ. ತೂಗುವ ಕಾರನ್ನು 80 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 250 ಕಿಲೋಜೂಲ್. ಅದೇ ಕಾರು ಬ್ರೇಕ್ ಹಿಡಿದುಕೊಂಡೇ 100 ಮೀಟರ್ ಎತ್ತರ ಇಳಿದರೆ ಸುಮಾರು 1000 ಕಿಲೋಜೂಲ್, ಅಂದರೆ 80ರಿಂದ ನಾಲ್ಕು ಸಲ ನಿಲ್ಲಿಸಿದಷ್ಟು. ಜೋಗಿಮಟ್ಟಿಯಿಂದ ಚಿತ್ರದುರ್ಗಕ್ಕೆ ಇಳಿಯುವಾಗ ಗೇರ್ ಬಳಸದೆ ಬ್ರೇಕ್ ಮೇಲೇ ಕಾಲಿಟ್ಟವರಿಗೆ ಇದು ಪೆಡಲಿನಲ್ಲೇ ಗೊತ್ತಾಗುತ್ತದೆ. ಡ್ರಮ್ ಬಿಸಿಯಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ಬರುತ್ತದೆ, ಗಾಳಿಗೆ ಬೇಗ ಆರುತ್ತದೆ. ಮಳೆ ನೀರು ಹೊಕ್ಕರೂ ಬೇಗ ಒಣಗುತ್ತದೆ. ದಾವಣಗೆರೆ ಊರೊಳಗೆ ಭಾನುವಾರ ಬೆಣ್ಣೆದೋಸೆಗೆ ಹೋಗಿ ಬರುವ ಕಾರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ವಾರವಾರ ಬೆಂಗಳೂರಿಗೆ ಹೋಗುವವರಿಗೆ ಇದೆ.

ಡಿಸ್ಕ್ ಹಾಕಿದರೆ ಕಾರಿನ ಹಳೆತನ ಕೆಡುತ್ತದೆ ಅಂತ ಎಲ್ಲ ಕಾರಿಗೂ ಹೇಳಲಾಗದು. ಟ್ರಯಂಫ್ ಟಿಆರ್3ಗೆ 1956ರಲ್ಲೇ ಮುಂದೆ ಡಿಸ್ಕ್ ಬಂತು. ಎಂಜಿಎ 1955ರಲ್ಲಿ ಡ್ರಮ್ಮಿನೊಂದಿಗೆ ಬಂದು, 1959ರ 1600 ಮಾಡೆಲಿಗೆ ಮುಂದೆ ಡಿಸ್ಕ್ ಪಡೆಯಿತು. ಎಂಜಿಬಿ ಮತ್ತು ಸ್ಪಿಟ್‌ಫೈರ್ 1962ರಲ್ಲಿ ಹುಟ್ಟಿದ್ದೇ ಡಿಸ್ಕ್ ಸಮೇತ. ಮದರಾಸಿನಲ್ಲಿ ತಯಾರಾದ ಹೆರಾಲ್ಡಿನ ಮುಂದಿನ ಸಸ್ಪೆನ್ಷನ್ ಸ್ಪಿಟ್‌ಫೈರ್ ವಂಶದ್ದೇ. ಅದಕ್ಕೆ ಸ್ಪಿಟ್‌ಫೈರ್ ಹಬ್, ಡಿಸ್ಕ್, ಕ್ಯಾಲಿಪರ್ ಒಟ್ಟಿಗೆ ತರಿಸಿ ಹಾಕುವುದು ಕಾರ್ಖಾನೆಯವರೇ ಯೋಚಿಸಿದ ದಾರಿ. ಹೊಸ ಬ್ರ್ಯಾಕೆಟ್ ಕಲ್ಪಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಮಾರುತಿ ಡಿಸ್ಕ್ ಕೂರುತ್ತಂತೆ, ಲೇತ್‌ನವರು ಬ್ರ್ಯಾಕೆಟ್ ಮಾಡ್ಕೊಡ್ತಾರಂತೆ?

ಕೂರಿಸಬಹುದು, ಆದರೆ ಆ ಬ್ರ್ಯಾಕೆಟ್ ಹೊರುವ ಭಾರ ತಿಳಿದುಕೊಳ್ಳಿ. ಮೇಲೆ ಲೆಕ್ಕ ಹಾಕಿದ 1000 ಕೆ.ಜಿ. ಕಾರನ್ನೇ ಜೋರಾಗಿ ನಿಲ್ಲಿಸುವಾಗ ಮುಂದಿನ ಒಂದು ಗಾಲಿಯ ಕ್ಯಾಲಿಪರ್ ಬ್ರ್ಯಾಕೆಟ್ಟನ್ನು ಸುಮಾರು 700 ಕೆ.ಜಿ. ಬಲದಲ್ಲಿ ಎಳೆಯುತ್ತದೆ. ಎಂಟು ಹತ್ತು ಮೂಟೆ ಅಕ್ಕಿ ಎರಡು ಬೋಲ್ಟಿನ ಮೇಲೆ ನೇತಾಡಿದ ಹಾಗೆ, ಅದೂ ಪ್ರತಿ ಸಲ. ಕನಿಷ್ಠ 10 ಮಿ.ಮೀ. ದಪ್ಪದ ಒಂದೇ ಪ್ಲೇಟಿನಲ್ಲಿ ಕೊರೆದಿರಬೇಕು, ಬೋಲ್ಟ್ ತಲೆಯ ಮೇಲೆ ಗಟ್ಟಿತನದ 8.8 ಗುರುತಿರಬೇಕು. ಗಾಲಿ ಹೊರುವ ಸ್ಟಬ್ ಆಕ್ಸಲ್ಲಿಗೆ ವೆಲ್ಡಿಂಗ್ ತಾಗಿಸಲೇಬಾರದು. ಶಾಖಕ್ಕೆ ಅದರ ಹದ ಹೋಗಿ ಮುಂದೊಂದು ದಿನ ಗಾಲಿ ಸಮೇತ ಮುರಿಯುತ್ತದೆ. ತಿರುಗುವಾಗ ಡಿಸ್ಕ್ ಎಷ್ಟು ಓಲಾಡುತ್ತದೆ ಅಂತ ಡಯಲ್ ಗೇಜಿನಲ್ಲಿ ನೋಡಿ, 0.1 ಮಿ.ಮೀ. ದಾಟಬಾರದು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಗಾಲಿ ಜೋತುಬಿದ್ದಾಗಲೂ ಹೋಸ್ ಬಿಗಿಯಾಗುತ್ತಿಲ್ಲ, ಎಲ್ಲೂ ಉಜ್ಜುತ್ತಿಲ್ಲ ಅಂತ ಖಚಿತಪಡಿಸಿಕೊಳ್ಳಿ.

ಮುಂದೆ ಡಿಸ್ಕ್ ಹಾಕಿ ಹಳೇ ಮಾಸ್ಟರ್ ಸಿಲಿಂಡರೇ ಇಟ್ಕೊಂಡ್ರೆ?

ಎರಡು ಕಡೆ ಸಿಕ್ಕಿಬೀಳುತ್ತೀರಿ. ಡ್ರಮ್ ಕಾಲದ ಹಲವು ಮಾಸ್ಟರುಗಳಲ್ಲಿ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಶೂ ಸ್ಪ್ರಿಂಗ್ ಅದನ್ನು ತಡೆಯುತ್ತದೆ, ಡಿಸ್ಕಿನಲ್ಲಿ ಪ್ಯಾಡ್ ಬಿಡದೆ ಉಜ್ಜುತ್ತಲೇ ಇರುತ್ತದೆ. ಆ ವಾಲ್ವ್ ತೆಗೆಯಬೇಕು. ಎರಡನೆಯದು ಅಳತೆ. ಕ್ಯಾಲಿಪರ್ ಪಿಸ್ಟನ್ ದೊಡ್ಡದು, ಹೆಚ್ಚು ಆಯಿಲ್ ಕೇಳುತ್ತದೆ. ಪೆಡಲ್ ಉದ್ದ ಹೋಯಿತೆಂದು ಮುಕ್ಕಾಲು ಇಂಚಿನ ಬೋರ್ ತೆಗೆದು 7/8 ಇಂಚಿನದನ್ನು ಹಾಕಿದರೆ ಪೆಡಲ್ ಮೇಲೇನೋ ಬರುತ್ತದೆ, ಆದರೆ ಅದೇ ಒತ್ತಡಕ್ಕೆ ಕಾಲಿನ ಬಲ ಶೇ. 36 ಹೆಚ್ಚು ಬೇಕು. ಡಿಸ್ಕಿಗೆ ಡ್ರಮ್ಮಿನ ಹಾಗೆ ತಾನೇ ಕಚ್ಚಿಕೊಳ್ಳುವ ಗುಣವೂ ಇಲ್ಲ. 'ಡಿಸ್ಕ್ ಹಾಕಿದ ಮೇಲೆ ಪೆಡಲ್ ಇನ್ನೂ ಗಟ್ಟಿಯಾಯ್ತು' ಅನ್ನುವವರ ಕಥೆ ಇದೇ.

ಬೂಸ್ಟರ್ ಹಾಕಿದ್ರೆ ಬೇಗ ನಿಲ್ಲುತ್ತಾ?

ಬೂಸ್ಟರ್ ಅಂದರೆ ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಬ್ರೇಕ್ ಒತ್ತಲು ನೆರವಾಗುವ ಭಾಗ. ಕಾಲಿಗೆ ಆರಾಮ, ಅಷ್ಟೇ. ಎಂಜಿನ್ ಬಂದಾದರೆ ಒಂದೆರಡು ಒತ್ತಿನಲ್ಲಿ ಸಹಾಯ ಮುಗಿಯುತ್ತದೆ. ಹಾಕಿದ ಮೇಲೆ ಐಡಲ್ ಏರುಪೇರಾದರೆ ವ್ಯಾಕ್ಯೂಮ್ ಪೈಪು ಸೋರುತ್ತಿದೆ. ಹೊರಗೆಲ್ಲೂ ಹನಿ ಬೀಳದೆ ಆಯಿಲ್ ಕಡಿಮೆಯಾಗಿ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ, ಮಾಸ್ಟರಿನಿಂದ ದೂರ ಕೂರಿಸುವ ಬಗೆಯ ಬೂಸ್ಟರಿನ ಸೀಲ್ ಹೋಗಿ ಎಂಜಿನ್ ಬ್ರೇಕ್ ಆಯಿಲ್ ಕುಡಿಯುತ್ತಿದೆ.

ಹಿಂದೆನೂ ಡಿಸ್ಕ್ ಹಾಕಿಸೋಣ ಅಂತ ಹುಡುಗ ಹಟ ಹಿಡಿದಿದ್ದಾನೆ.

ಹುಡುಗನಿಗೆ ಈ ಲೆಕ್ಕ ತೋರಿಸಿ. 1000 ಕೆ.ಜಿ. ಕಾರು, ಗಾಲಿಯಿಂದ ಗಾಲಿಗೆ 2.3 ಮೀಟರ್, ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ. ಜೋರಾಗಿ ಬ್ರೇಕ್ ಒತ್ತಿದರೆ ಸುಮಾರು 150 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಹಗುರಾದ ಹಿಂದಿನ ಗಾಲಿಗೆ ಹೆಚ್ಚು ಬ್ರೇಕ್ ಕೊಟ್ಟರೆ ಅದು ಮೊದಲು ಕಟ್ಟಿ ಕಾರು ಗಿರ್ರನೆ ತಿರುಗುತ್ತದೆ. ಹ್ಯಾಂಡ್ ಬ್ರೇಕ್ ತಲೆನೋವು ಬೇರೆ. ಹಿಂದೆ ಡ್ರಮ್ಮೇ ಇರಲಿ.

ಒಂದೇ ಒಂದು ಅಪ್‌ಗ್ರೇಡ್ ಮಾಡಿಸೋದಾದ್ರೆ ಯಾವುದು?

ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಅಂದರೆ ಎರಡು ಬೇರೆ ಬೇರೆ ಆಯಿಲ್ ಲೈನು. ಹಳೆ ಕಾರುಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಲೈನು. ಒಂದು ಹೋಸ್ ಒಡೆದರೆ ನಾಲ್ಕೂ ಹೋಯಿತು, ಉಳಿಯುವುದು ಹ್ಯಾಂಡ್ ಬ್ರೇಕು. ಅಮೆರಿಕ 1968ರಿಂದ ಹೊಸ ಕಾರುಗಳಿಗೆ ಎರಡು ಸರ್ಕ್ಯೂಟನ್ನು ಕಡ್ಡಾಯ ಮಾಡಿತು. ಡಿಸ್ಕಿನಷ್ಟು ಹೊರಗೆ ಕಾಣುವುದಿಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ. ಮುಂದು ಹಿಂದು ಬೇರೆ ಮಾಡಿ, ಡ್ರಮ್ ಲೈನಿಗೆ ಬೇಕಾದರೆ 10 ಪಿಎಸ್ಐ ಒತ್ತಡ ಉಳಿಸುವ ವಾಲ್ವ್ ಹಾಕಿ. ಹಾಕಿದ ಮೇಲೆ ಒಂದು ಕಡೆಯ ನಿಪ್ಪಲ್ ತೆರೆದಿಟ್ಟು ಪೆಡಲ್ ಒತ್ತಿ, ಇನ್ನೊಂದು ಕಡೆ ನೆಲ ಮುಟ್ಟುವ ಮುಂಚೆ ಹಿಡಿಯುತ್ತದಾ ನೋಡಿ. ಪೆಡಲ್ ಅಷ್ಟು ದೂರ ಹೋಗಲು ಜಾಗವೇ ಇಲ್ಲದಿದ್ದರೆ ಎರಡು ಸರ್ಕ್ಯೂಟ್ ಇದ್ದೂ ಇಲ್ಲದಂತೆ.

ಆರ್‌ಟಿಓದಲ್ಲಿ ತೊಂದರೆ ಆಗುತ್ತಾ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಕಾರಿಗೆ 'ವಿಎ' ನಂಬರ್ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಬ್ರೇಕಿಗೆಂದು ಚಾಸಿ ಕೊಯ್ದರೆ, ವೆಲ್ಡ್ ಮಾಡಿದರೆ ಅಲ್ಲಿ ಪ್ರಶ್ನೆ ಏಳುತ್ತದೆ. ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಗ್ರೀಸ್ ಹಚ್ಚಿ ಎತ್ತಿಡಿ.

ಎಲ್ಲ ಮುಗೀತು. ಹೈವೇಗೆ ಹೋಗಬಹುದಾ?

ಇನ್ನೂ ಇಲ್ಲ. ನಿಂತಲ್ಲೇ ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು, ಇನ್ನೊಬ್ಬರ ಕೈಯಲ್ಲಿ ಪ್ರತಿ ಜಾಯಿಂಟನ್ನು ಟಿಶ್ಯೂ ಕಾಗದದಿಂದ ಒರೆಸಿ ನೋಡಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ 10, 20, 30 ಕಿ.ಮೀ. ವೇಗದಲ್ಲಿ ಒಂದೊಂದು ಸಲ ಹಿಡಿಯಿರಿ. ಎಳೆತವಿಲ್ಲದಿದ್ದರೆ 50ರಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಅರ್ಧ ಕಿ.ಮೀ. ಆರಲು ಬಿಟ್ಟು ಮತ್ತೆ ಇಳಿಸಿ, ಹೀಗೆ ಹತ್ತು ಸಲ. ಸುಟ್ಟ ವಾಸನೆ ಸ್ವಲ್ಪ ಬರುತ್ತದೆ. ಬಿಸಿ ಇರುವಾಗ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡಿ, ಗಾಲಿಗೆ ಕಲ್ಲು ಕೊಡಿ. ಹಬ್ಬುಗಳ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಎಡ ಬಲ ಒಂದೇ ಬಿಸಿ ಇರಬೇಕು. 50 ಕಿ.ಮೀ. ಆದ ಮೇಲೆ ವೀಲ್ ನಟ್ಟು ಬಿಗಿ ನೋಡಿ, 300 ಕಿ.ಮೀ. ಆದ ಮೇಲೆ ಶೂ ಇನ್ನೊಮ್ಮೆ ಅಡ್ಜಸ್ಟ್ ಮಾಡಿ. ಹೊಸ ಲೈನಿಂಗ್ ಆ ಹೊತ್ತಿಗೆ ಕೂತಿರುತ್ತದೆ, ಪೆಡಲ್ ಅರ್ಧ ಇಂಚು ಕೆಳಗಿಳಿದಿರುತ್ತದೆ.